ರೆಕ್ಕೆ ಬುಡದ ಫೇರಿಂಗ್ ಸೆಟ್: ಬಾಗು ಚೆನ್ನಾಗಿದೆ, ಅಂಚು ನಾವೇ ಕೂರಿಸಬೇಕು

ನಾನು ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ರೆಕ್ಕೆ ಬುಡದ ಮೂಲೆಯನ್ನು ನಯವಾಗಿ ಮುಚ್ಚುವ ಈ ಫೈಬರ್‌ಗ್ಲಾಸ್ ಹೊದಿಕೆ, ಅಂದರೆ ಫೇರಿಂಗ್, ಸೆಟ್ ತರಿಸಿದೆ. ರೆಕ್ಕೆಗೂ ಬಾಡಿಗೂ ನಡುವಿನ ಸಂದು ಮುಚ್ಚುವುದಷ್ಟೇ ಆಗಿದ್ದರೆ ತಗಡಿನ ಪಟ್ಟಿ, ರಬ್ಬರ್ ಸಾಕಿತ್ತು. ನನಗೆ ಬೇಕಿದ್ದದ್ದು ಹಿಂದೆ ಹೋದ ಹಾಗೆ ಅಗಲವಾಗುವ ಬಾಗು.

ರೆಕ್ಕೆಯ ಮೇಲ್ಮೈ ಹಿಂದಕ್ಕೆ ಇಳಿಯುತ್ತದೆ. ಅಲ್ಲೇ ಬಾಡಿಯೂ ಕಿರಿದಾಗುತ್ತದೆ. ಗಾಳಿಗೆ ಒಮ್ಮೆಲೇ ಜಾಗ ಜಾಸ್ತಿ ಸಿಕ್ಕಿ ವೇಗ ಕುಗ್ಗುತ್ತದೆ, ಮೈ ಬಿಟ್ಟು ಸುಳಿಯಾಗುತ್ತದೆ. ಆ ಸುಳಿ ಬಾಲಕ್ಕೆ ಬಡಿದರೆ ಅದುರು ಶುರು. 1930ರ ದಶಕದ ಆರಂಭದಲ್ಲೇ ಅಮೆರಿಕದ ತಂತ್ರಜ್ಞಾನ ಸಂಸ್ಥೆ ಕ್ಯಾಲ್‌ಟೆಕ್‌ನ ಗಾಳಿ ಸುರಂಗದಲ್ಲಿ ವಾಯುಚಲನ ವಿಜ್ಞಾನಿ ಫಾನ್ ಕಾರ್ಮಾನ್ ತಂಡದವರು ಈ ಮೂಲೆಯನ್ನು ತುಂಬಿ ನೋಡಿದ್ದರು. ಆ ಕಾಲದ ಪ್ರಯಾಣಿಕ ವಿಮಾನ ಡಗ್ಲಾಸ್ ಡಿಸಿ-3ರ ರೆಕ್ಕೆ ಬುಡ ನೋಡಿ, ಆ ಬಾಗು ಎದ್ದು ಕಾಣುತ್ತದೆ.

ಈ ಸೆಟ್‌ನಲ್ಲಿ ಆ ಹಿಂಭಾಗ ನಿಜಕ್ಕೂ ಚೆಂದ. ಬೆಳಕಿಗೆ ಹಿಡಿದರೆ ದಪ್ಪ ಎಲ್ಲಾ ಕಡೆ ಒಂದೇ ಸಮ, ಗುಳ್ಳೆ ಇಲ್ಲ. ಮುಂದಿನ ಮೂತಿಯ ತಿರುವಿನಲ್ಲಿ ಮಾತ್ರ ಸೂಜಿ ಮೊನೆಯಷ್ಟು ತೂತುಗಳಿವೆ, ಪುಟ್ಟಿ ಹಾಕಿದರೆ ಮುಗಿಯಿತು. ಅಚ್ಚಿನ ಮೇಣ ಮೇಲೆ ಉಳಿದಿರುತ್ತದೆ. ಮೊದಲು ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಉಜ್ಜಿ. ತಿರುಗಾಮುರುಗಾ ಮಾಡಿದರೆ ಮೇಣ ಗೀರುಗಳೊಳಗೆ ಹೋಗಿ ಬಣ್ಣ ನಿಲ್ಲುವುದಿಲ್ಲ.

ತಕರಾರು ಅಂಚಿನದು. ಬಲಗಡೆಯ ಫೇರಿಂಗ್ ರೆಕ್ಕೆ ಮೇಲೆ ಸರಿಯಾಗಿ ಕೂತಿತು, ಬಾಡಿ ಕಡೆ ಮಾತ್ರ ಬೆರಳು ತೂರುವಷ್ಟು ದೂರ ನಿಂತಿತು. ಸ್ಕ್ರೂ ಬಿಗಿದು ಎಳೆಯಬಹುದು ಅನ್ನಿಸುತ್ತದೆ, ಅಲ್ವಾ? ಬೇಡ. ಫೈಬರ್ ಯಾವಾಗಲೂ ಹಿಂದಕ್ಕೆ ಚಿಮ್ಮಲು ನೋಡುತ್ತದೆ, ಸ್ಕ್ರೂಗಳ ನಡುವೆ ಅಲೆ ಏಳುತ್ತದೆ, ಕೊನೆಗೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಅಂಟು ಹಿಡಿಯದಿರಲಿ ಅಂತ ನಾನು ಬಾಡಿಯ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ, ಮೇಲೆ ಮೇಣ ಸವರಿದೆ. ಫೇರಿಂಗ್ ಅಂಚಿನ ಒಳಮೈಯನ್ನು ಚೆನ್ನಾಗಿ ಉಜ್ಜಿದೆ. ಎಪಾಕ್ಸಿ ಅಂಟಿಗೆ ಮೈಕ್ರೋಬಲೂನ್ ಅನ್ನುವ ಹಗುರ ಪುಡಿ ಕಲಸಿ ಸಂದು ತುಂಬಿ, ಒಳಗೆ ಗ್ಲಾಸ್ ಬಟ್ಟೆಯ ಪದರ ಹಾಕಿ, ಕ್ಲೀಕೋ (ತಾತ್ಕಾಲಿಕವಾಗಿ ಹಿಡಿದಿಡುವ ಪಿನ್ನು) ಸಿಕ್ಕಿಸಿ ಬಿಟ್ಟೆ. ಗಟ್ಟಿಯಾದ ಮೇಲೆ ಬಿಡಿಸಿದರೆ ಅಂಚು ಬಾಡಿಯ ಮೈಗೆ ಮೈ ಹೊಂದಿಕೊಂಡಿತ್ತು. ಈ ಸೆಟ್‌ನ ಫೈಬರ್ ಹಿಡಿದಿಟ್ಟಿರುವುದು ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟು. ಉಜ್ಜಿದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಾಕಿದರೆ ನಂಬುವ ಹಾಗಿಲ್ಲ. ಕತ್ತರಿಸುವಾಗ, ಉಜ್ಜುವಾಗ ಒಳ್ಳೆ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಕೆಟ್ಟದ್ದು.

ಅಚ್ಚಿನಲ್ಲೇ ಗೀಚಿರುವ ಸ್ಕ್ರೂ ಗೆರೆಯನ್ನು ನಂಬಬೇಡಿ. ನನ್ನ ರೆಕ್ಕೆಯಲ್ಲಿ ಅದು ನೇರ ರಿವೆಟ್ ಸಾಲಿನ ಮೇಲೆ ಬಂತು. ಇನ್ನು ರೆಕ್ಕೆ ಕೊನೆಯ ಸಲ ಬೋಲ್ಟ್ ಆಗುವವರೆಗೂ ಒಂದು ತೂತೂ ಕೊರೆಯಬೇಡಿ. ರೆಕ್ಕೆ ಹಿಂದಂಚಿನಲ್ಲಿ ಕೆಳಗಿಳಿಯುವ ಫ್ಲ್ಯಾಪ್ ಪೂರ್ತಿ ಇಳಿಸಿ, ಅದು ಫೇರಿಂಗ್‌ನ ಹಿಂತುದಿಗೆ ತಾಗುತ್ತದಾ ಅಂತಲೂ ನೋಡಿಕೊಳ್ಳಿ.

ಜೊತೆಗೆ ಬಂದ ಕಾಗದದಲ್ಲಿ ಫೇರಿಂಗ್ ಅನ್ನು ಖಾಯಂ ಆಗಿ ಅಂಟಿಸಿಬಿಡಿ ಅಂತ ಬರೆದಿದ್ದಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದರ ಕೆಳಗೆ ರೆಕ್ಕೆಯ ಬೋಲ್ಟ್‌ಗಳಿವೆ, ಪೆಟ್ರೋಲ್ ಪೈಪಿನ ಜೋಡಣೆ ಇದೆ. ಪ್ರತಿ ತಪಾಸಣೆಯಲ್ಲೂ ಅಲ್ಲಿ ಟಾರ್ಚ್ ಬಿಟ್ಟು ನೋಡಲೇಬೇಕು. ರೆಕ್ಕೆ ಕಡೆ ನಟ್‌ಪ್ಲೇಟ್ (ಒಳಗಡೆ ಖಾಯಂ ಆಗಿ ಕೂರುವ ನಟ್) ರಿವೆಟ್ ಮಾಡಿ, ವಾಷರ್ ಹಾಕಿ ಸ್ಕ್ರೂ ಬಿಗಿದೆ. ಬಾಡಿ ಕಡೆ ಅಂಚಿಗೆ ರಬ್ಬರ್ ಹಾಕಿ ಸುಮ್ನೆ ಒರಗಿಸಿದ್ದೇನೆ. ಹಾರುವಾಗ ರೆಕ್ಕೆ ಬಾಗಿದರೂ ಬಣ್ಣ ತೇಯಬಾರದು ನೋಡಿ. ಆ ರಬ್ಬರ್ ಡಬ್ಬಿಯಲ್ಲಿ ಬರುವುದಿಲ್ಲ, ಬೇರೆ ತರಿಸಬೇಕು.

ಫೈಬರ್ ಕೆಲಸ ಗೊತ್ತಿದ್ದವರು ಧಾರಾಳವಾಗಿ ತಗೊಳ್ಳಿ. ತಂದ ಕೂಡಲೇ ಬಿಗಿದು ಹಾರಬೇಕು ಅನ್ನುವವರಿಗೆ ಇದು ಆಗುವುದಿಲ್ಲ.