ವೆನಿಸ್‌ನಲ್ಲಿ ಒಂದೇ ದಿನ: ನಡಿಗೆಯೋ, ಬಿಡಿ ಟಿಕೆಟ್ಟೋ, ದಿನದ ಪಾಸೋ?

ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಬೆಳಗಿನ ರೈಲಿಗೆ ಬಂದು ರಾತ್ರಿ ಹೊರಡುವವರಾದರೆ ಮೊದಲು ದುಡ್ಡಿನ ಲೆಕ್ಕ ನೋಡಿ. ವಪೊರೆತ್ತೊ, ಅಂದರೆ ಅಲ್ಲಿನ ಸಾರ್ವಜನಿಕ ದೋಣಿ, 75 ನಿಮಿಷದ ಬಿಡಿ ಟಿಕೆಟ್ಟಿಗೆ 9.50 ಯೂರೋ, 24 ಗಂಟೆಯ ಪಾಸಿಗೆ 25. ಎರಡು ಸಲ ಹತ್ತಿದರೆ 19, ಮೂರಾದರೆ 28.50. ಹಾಗಾಗಿ ಮೂರನೇ ಸವಾರಿಗೆ ಪಾಸೇ ಅಗ್ಗ.

ಸಾಂತಾ ಲೂಚಿಯಾ ರೈಲು ನಿಲ್ದಾಣದಿಂದ ನಗರದ ಮುಖ್ಯ ಚೌಕವಾದ ಸಾನ್ ಮಾರ್ಕೊಗೆ ನಡೆದರೆ ಸುಮಾರು 40 ನಿಮಿಷ. 1ನೇ ನಂಬರಿನ ದೋಣಿಯೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ಹೆಜ್ಜೆಹೆಜ್ಜೆಗೂ ನಿಲ್ಲುತ್ತಲ್ಲ! ಬೇಗ ತಲುಪಲೆಂದು ದೋಣಿ ಹತ್ತಬೇಡಿ; ನಗರದ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್‌ನ ಅರಮನೆಗಳನ್ನು ನೀರಿನ ಮೇಲಿಂದ ನೋಡಲು ಹತ್ತಿ, ಅದಕ್ಕೆ ಆ ದುಡ್ಡು ಸಾರ್ಥಕ. ನಡೆಯುವವರು ಮೊಬೈಲ್ ನಕ್ಷೆ ನಂಬಿದರೆ ಗಲ್ಲಿಯ ತುದಿಯಲ್ಲಿ ಸೇತುವೆಯಿಲ್ಲದ ಕಾಲುವೆ ಎದುರಾಗುವುದುಂಟು. ಗೋಡೆಗಳ ಮೇಲಿನ 'ಪೆರ್ ರಿಯಾಲ್ತೊ' (ರಿಯಾಲ್ತೊ ಸೇತುವೆಯ ಕಡೆಗೆ), 'ಪೆರ್ ಸಾನ್ ಮಾರ್ಕೊ' (ಸಾನ್ ಮಾರ್ಕೊ ಕಡೆಗೆ) ಎಂಬ ಹಳದಿ ಫಲಕಗಳನ್ನು ಹಿಡಿದು ಸಾಗಿ. ಚಕ್ರದ ಸೂಟ್‌ಕೇಸ್ ಇದ್ದರೆ ಮಾತ್ರ ನಡಿಗೆ ಬೇಡವೇ ಬೇಡ, ಬಹುತೇಕ ಎಲ್ಲ ಸೇತುವೆಗೂ ಮೆಟ್ಟಿಲು.

ಮುರಾನೊ, ಬುರಾನೊ ದ್ವೀಪಗಳೂ ಬೇಕೆಂದರೆ ಪಾಸ್ ತೆಗೆದುಕೊಳ್ಳಿ. ಬುರಾನೊ ಒಂದಕ್ಕೇ ಹೋಗಲು ಮುಕ್ಕಾಲು ಗಂಟೆ, ಬರಲು ಅಷ್ಟೇ. ಅರ್ಧ ದಿನ ಅಲ್ಲಿಗೇ ಮೀಸಲು. ನಗರವಷ್ಟೇ ಸಾಕೆನ್ನುವವರು ಹೋಗುವಾಗ ನಡೆದು, ಕಾಲು ಸೋತ ಸಂಜೆ ಒಂದು ಬಿಡಿ ಟಿಕೆಟ್ ಕೊಳ್ಳಬಹುದು.

ಯಾವುದೇ ಟಿಕೆಟ್ಟಾದರೂ ಹತ್ತುವ ಮುನ್ನ ಜೆಟ್ಟಿಯ ಯಂತ್ರಕ್ಕೆ ತೋರಿಸಿ 'ಬೀಪ್' ಕೇಳಿಸಿಕೊಳ್ಳಿ. ಟಿಕೆಟ್ ಕೈಯಲ್ಲಿದ್ದೂ ದಂಡ ತೆರುವುದು ಇಲ್ಲಿ ತಪ್ಪಿದವರೇ.