ಪುಣೆದಾಗ ಹಿರಿಯರ ಸೀರಿದು ಕೌದಿ ಹೊಲಿಸೋದು: ಧಾಯರಿ ಕಡೆ ಮಾವಶಿಯರ ಕೆಲಸ, 5ಕ್ಕ 4 ಸ್ಟಾರ್

ಪುಣೆದಾಗಿರೋ ನಮ್ಮ ಮಂದಿ ಯಾರಾದ್ರೂ ಅಜ್ಜಿ ಸೀರಿ ಟ್ರಂಕಿನ್ಯಾಗ ಇಟ್ಕೊಂಡು ಏನ್ ಮಾಡೋದಪಾ ಅಂತ ಕುಂತಿದ್ರ ಇದನ್ನ ಓದ್ರಿ. ಸಿಂಹಗಡ ರೋಡಿನ್ಯಾಗ ಧಾಯರಿ ಕಡೆ ಗೋಧಡಿ (ಹಳೇ ಬಟ್ಟಿ ಪದರ ಪದರ ಹಾಕಿ ಹೊಲಿಯೋ ನಮ್ಮ ಕೌದಿಗೆ ಮರಾಠಿ ಹೆಸರು) ಹೊಲಿಯೋ ಹೆಣ್ಮಕ್ಕಳು ಇದ್ದಾರ, ಮಾವಶಿ ಅಂದ್ರ ಮರಾಠಿದಾಗ ಚಿಕ್ಕವ್ವ, ಅಂಗಡಿ ಅಂತಿಲ್ಲ, ಬೋರ್ಡೂ ಇಲ್ಲ, ಮನಿ ಮುಂದಿನ ಪಡಸಾಲ್ಯಾಗ ನಾಲ್ಕೈದು ಮಂದಿ ಕುಂತು ಹೊಲೀತಾರ. ಅವರ ಕೈಲೆ ನಮ್ಮ ದೊಡ್ಡಾಯಿ ಸೀರಿದು ಕೌದಿ ಮಾಡಿಸಿದ್ವಿ.

ದೊಡ್ಡಾಯಿ ಅಂದ್ರ ನಮ್ಮಪ್ಪನ ಅಜ್ಜಿ, ಬಾಗಲಕೋಟಿ ಕಡೆ ಹೊಲ ಮಾಡಿದಾಕಿ, ಬರಗಾಲದಾಗೂ ಹೊಲ ಮಾರಗೊಡದ ಹಿಡ್ಕೊಂಡಾಕಿ. ಅಪ್ಪ ಪುಣೆಕ್ಕ ಬಂದು ಓದಿದ್ದು ಆ ಹೊಲದ ಜ್ವಾಳದ ರೊಕ್ಕದಾಗನ. ಆಕಿ ಉಟ್ಟದ್ದೆಲ್ಲಾ ಇಳಕಲ್ ಸೀರಿ, 9 ಗಜದ್ದು.

ಮೊದಲ ಒಂದು ದೊಡ್ಡ ಬುಟಿಕ್‌ಗೆ ಕೇಳಿದ್ವಿ. ಸೀರಿನೆಲ್ಲಾ ಅಂಗೈಯಗಲ ಚೂರು ಮಾಡಿ, ಒಳಗ ಪಾಲಿಯೆಸ್ಟರ್ ತುಂಬಿ, ಮಷಿನ್ ಹೊಡೆದು ಕೊಡ್ತೀವಿ ಅಂದ್ರು. ನನಗ ಮನಸ್ಸು ಬರಲಿಲ್ಲ. ಅಷ್ಟು ಸಣ್ಣ ಚೂರಾದ ಮ್ಯಾಲ ಅದು ಯಾರ ಸೀರಿ ಅಂತ ಹ್ಯಾಂಗ ಗುರುತು ಹಿಡೀಬೇಕು?

ಧಾಯರಿ ಮಾವಶಿ ಅಕ್ಕಲಕೋಟ ಕಡೆಯವರು, ಬಾಗಲದಾಗ ನಿಂತು ನಾನು ಮರಾಠಿ ಶುರು ಮಾಡಿದ್ರ ಅವರು ಕನ್ನಡದಾಗನ "ಬಾರವ್ವಾ, ಒಳಗ ಬಾ" ಅಂದ್ರು. ಸೀರಿ ಹಾಸಿ, ಬೆಳಕಿಗೆ ಹಿಡಿದು ನೋಡಿ, ಯಾವುದು ತಾಳ್ತೈತಿ ಯಾವುದು ಇಲ್ಲ ಅಂತ ಬ್ಯಾರೆ ಮಾಡಿದ್ರು. ಇಳಕಲ್ ಸೀರ್ಯಾಗ ಒಡಲಿನ ಹತ್ತಿ ಎಳಿಗೂ ಸೆರಗಿನ ರೇಷ್ಮಿ ಎಳಿಗೂ ಕೊಂಡಿ ಹಾಕಿ ಸೇರಿಸಿರ್ತಾರಲ್ಲ, ಹಳೇದಾದ್ರ ರೇಷ್ಮಿ ಮಡಿಕಿ ಮಡಿಕಿಗೆ ಸೀಳ್ತೈತಿ, ಹತ್ತಿ ಒಡಲು ಮಾತ್ರ ಒಗದಷ್ಟೂ ಮೆತ್ತಗಾಗಿರ್ತೈತಿ. ಅದಕ್ಕ ಒಡಲಿನ ಬಟ್ಟಿ ಒಳಗಿನ ಪದರಕ್ಕ, ಗಟ್ಟಿ ಇದ್ದ ಒಂದ ಕೆಂಪು ಸೆರಗು ಕತ್ತರಸದ ನಟ್ಟನಡುವ, ಅದರ ಕೆಳಗ ಹೊಸಾ ಮಲಮಲ್ ಆಸರಾ ಕೊಟ್ಟು, ಸುತ್ತ ದಡಿ. ಒಂದು 9 ಗಜದ ಸೀರ್ಯಾಗ ಡಬಲ್ ಬೆಡ್ ಅಳತೀದು ಹತ್ತಿರ ಹತ್ತಿರ ಎರಡು ಪದರ ಆಗ್ತಾವ, ಹಂಗಾಗಿ ಮೂರು ನಾಲ್ಕು ಸೀರಿ ಇದ್ರ ಸಾಕು, ಹತ್ತಿ ತುಂಬೋದು ಬ್ಯಾಡನ ಬ್ಯಾಡ.

ಹೊಲಿಗಿ ಪೂರ್ತಿ ಕೈಲೆ. ಅಂಚಿಂದ ಶುರು ಮಾಡಿ ಸುತ್ತು ಹಾಕ್ಕೋತ ಹಾಕ್ಕೋತ ನಡುವಿಗೆ ಬರ್ತಾರ, ಟಾಕಾ ಅಕ್ಕಿಕಾಳಿನಷ್ಟು ಸಣ್ಣು, ಒಂದು ಕಡೆ ದಾರ ಹರದ್ರೂ ಪದರ ಜಾರಂಗಿಲ್ಲ. ಯಲ್ಲಾಪುರ, ಹಳಿಯಾಳ ಕಡೆ ಆಫ್ರಿಕಾ ಮೂಲದ ಸಿದ್ದಿ ಹೆಣ್ಮಕ್ಕಳು ಕೌದಿ ಮೂಲಿಗೆ ಮಡಚಿದ ಬಟ್ಟಿ ಹೂವು ಇಡ್ತಾರ, ಅದಿಲ್ಲದ ಕೌದಿ ಮುಗಿದಂಗಲ್ಲ ಅವರಿಗೆ. ಆ ಫೋಟೋ ತೋರಿಸಿದ್ದಕ್ಕ ಮಾವಶಿ ನಮ್ಮದಕ್ಕೂ ನಾಲ್ಕು ಮೂಲಿಗೆ ದೊಡ್ಡಾಯಿ ಕುಬಸದ ಖಣದ್ದು ಇಟ್ಟುಕೊಟ್ರು, ಎಷ್ಟು ಚಂದ ಆಗೈತಿ ಅಂದ್ರ! ಕಡೀ ತುಂಡು ಮುಚ್ಚೋ ಮೊದಲ ಫೋನ್ ಮಾಡಿ ಕರೆದ್ರು. ನಮ್ಮ ಕಡೆ ಕೌದಿ ಹೊಟ್ಟಿ ತುಂಬಿಸ್ಬೇಕಂತ ಒಳಗ ಹೋಳಿಗಿ ಚೂರು ಇಡ್ತಾರ, ನಾ ಅದನ್ನ ಅವರಿಗೆ ಹೇಳಿನ ಇರಲಿಲ್ಲ, ಅವರಿಗೆ ಗೊತ್ತಿತ್ತು. ಅವ್ವ ಹೋಳಿಗಿ ಮಾಡ್ಕೊಂಡು ಬಂದ್ಳು, ಅಪ್ಪ ತಾನ ಇಟ್ಟ.

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ ಹೇಳಿದ ಟೈಮಿಗೆ ಕೊಡಲಿಲ್ಲ, ತಿಂಗಳ ಮ್ಯಾಲ ತಡ ಆತು, ಮತ್ತ ಒಂದು ದಡಿ ಕೆಂಪು ಬಣ್ಣ ಮೊದಲ ಸಲ ಒಗದಾಗ ಸ್ವಲ್ಪ ಬಿಡ್ತು. ಹೊಲಿಯೋ ಮೊದಲ ಸೀರಿ ತುದಿ ಒದ್ದಿ ಮಾಡಿ ಬಿಳಿ ಬಟ್ಟಿಗೆ ಒತ್ತಿ ನೋಡಿದ್ರ ಗೊತ್ತಾಗ್ತಿತ್ತು, ಅವರು ನೋಡಲಿಲ್ಲ, ನೀವು ಕೇಳಿ ಮಾಡಿಸ್ರಿ.

ಕೈಕೂಲಿ, ದಾರ, ಮಲಮಲ್ ಸೇರಿ 3,500 ಕೊಟ್ವಿ. ವಾರಗಟ್ಟಲೆ ಬೆನ್ನು ಬಗ್ಗಿಸಿ ಮಾಡೋ ಕೆಲಸ ಅದು, ದಯವಿಟ್ಟು ಚೌಕಾಸಿ ಮಾಡಬ್ಯಾಡ್ರಿ. ಕೌದಿ ಆದ ಮ್ಯಾಲ ಕಪಾಟಿನ್ಯಾಗ ಮುಚ್ಚಿಡಬ್ಯಾಡ್ರಿ, ಹೊಚ್ಕೊಳ್ರಿ, ಡ್ರೈಕ್ಲೀನ್ ಬ್ಯಾಡ, ತಣ್ಣೀರಾಗ ಕೈಲೆ ಒಗೀರಿ. ದಪ್ಪ ಇರ್ತೈತಿ, ಪುಣೆ ಮಳಿಗಾಲದಾಗ ಒಣಗಂಗಿಲ್ಲ, ಆಗ ಬರೇ ಜಾಡಿಸಿ ಇಟ್ಟು ದಸರಾ ಹೊತ್ತಿಗೆ ಒಗದ್ರ ಆತು.