ಡಬ್ಬಿ ಯಾರದು, ಮಾಲು ಯಾರದು? ಘಾಟಿ ಇಳಿಯುವ ಕಾರಿಗೆ ಯಾವ ಪಾರ್ಟ್ಸ್

ಹಾಸನದ ಬಿ.ಎಂ. ರಸ್ತೆಯಾಗಲಿ, ಚಿಕ್ಕಮಗಳೂರಿನ ಕೆ.ಎಂ. ರಸ್ತೆಯಾಗಲಿ, ಸ್ಪೇರ್ಸ್ ಅಂಗಡಿಯಲ್ಲಿ ಬ್ರೇಕ್ ಪ್ಯಾಡ್ ಕೇಳಿದರೆ ಮೊದಲು ಬರುವ ಮಾತು ಒಂದೇ: ‘ಒರಿಜಿನಲ್ ಕೊಡ್ಲಾ, ಲೋಕಲ್ ಆಗುತ್ತಾ ಸಾರ್?’ ಪ್ರಶ್ನೆಯೇ ಅರ್ಧ ತಪ್ಪು. ಕಪಾಟಿನಲ್ಲಿ ಇರುವುದು ಎರಡು ಜಾತಿಯಲ್ಲ, ಮೂರು.

ಮೊದಲನೆಯದು ಕಾರು ಕಂಪನಿಯ ಡಬ್ಬಿ. ಮಾರುತಿ ಜೆನ್ಯೂನ್ ಪಾರ್ಟ್ಸ್, ಹುಂಡೈ ಮತ್ತು ಕಿಯಾಗೆ ಮೋಬಿಸ್, ಹೀಗೆ. ಎರಡನೆಯದು ಪಾರ್ಟ್ಸ್ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವ ಡಬ್ಬಿ: ಬಾಷ್, ವ್ಯಾಲಿಯೋ, ಗೇಬ್ರಿಯಲ್, ರಾಣೆ, ಲ್ಯೂಕಾಸ್ ಟಿವಿಎಸ್. ಕಾರು ಕಂಪನಿಗಳು ಪ್ಲಗ್ಗು, ಫಿಲ್ಟರು, ಬೇರಿಂಗುಗಳನ್ನು ಹೆಚ್ಚಾಗಿ ಇಂಥ ತಯಾರಕರಿಂದಲೇ ಕೊಳ್ಳುತ್ತವೆ. ಮೂರನೆಯದು ಬಣ್ಣಬಣ್ಣದ ಡಬ್ಬಿ. ತಯಾರಕರ ವಿಳಾಸ ಹುಡುಕಿದರೂ ಸಿಗದು. ಎರಡನೆಯದನ್ನೂ ಮೂರನೆಯದನ್ನೂ ‘ಲೋಕಲ್’ ಎಂದು ಒಂದೇ ಬುಟ್ಟಿಗೆ ಹಾಕುವುದರಿಂದಲೇ ಗಿರಾಕಿ ಮೋಸ ಹೋಗುವುದು. ಹಾಗೆಂದು ಹೆಸರು ಒಂದೇ ಇದ್ದರೆ ಮಾಲೂ ಒಂದೇ ಎಂದು ನಂಬಬೇಡಿ. ಕಾರ್ಖಾನೆಗೆ ಕೊಡುವ ಪ್ಯಾಡಿನ ಮಿಶ್ರಣ ಬೇರೆ, ಅಂಗಡಿಗೆ ಬರುವ ಪ್ಯಾಡಿನದು ಬೇರೆ ಇರಬಹುದು.

ಬ್ರೇಕಿನಿಂದ ಶುರುಮಾಡೋಣ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ಕಾರು, ಮುಳ್ಳಯ್ಯನಗಿರಿಯಿಂದ ಸಾಲುಗಾಡಿಗಳ ಹಿಂದೆ ನಿಧಾನವಾಗಿ ಇಳಿಯುವ ಕಾರು, ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಲ್ಲುವ ಕಾರಿನ ಹಾಗಲ್ಲ. ಇಲ್ಲಿ ಪ್ಯಾಡು ಬಿಸಿಯಾಗುತ್ತಲೇ ಹೋಗುತ್ತದೆ, ತಣಿಯಲು ಬಿಡುವಿಲ್ಲ. ಅನೇಕ ಪ್ಯಾಡುಗಳ ಅಂಚಿನಲ್ಲೋ ಬೆನ್ನಿನ ತಗಡಿನ ಮೇಲೋ ಎರಡು ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ. ಮೊದಲ ಅಕ್ಷರ ತಣ್ಣಗಿರುವಾಗಿನ ಹಿಡಿತ, ಎರಡನೆಯದು ಕಾದ ಮೇಲಿನ ಹಿಡಿತ. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ‘ಎಫ್‌ಎಫ್’ ಇರುವ ಪ್ಯಾಡು ಕಾದರೂ ಅದೇ ಮಟ್ಟದಲ್ಲಿ ಹಿಡಿಯುತ್ತದೆ. ‘ಎಫ್‌ಇ’ ಕಾದಂತೆ ಸಡಿಲವಾಗುತ್ತದೆ. ಅಕ್ಷರ ಹಿಡಿತವನ್ನು ಹೇಳುತ್ತದೆ, ಬಾಳಿಕೆಯನ್ನಲ್ಲ. ಅಕ್ಷರವೇ ಇಲ್ಲದ ಮೂರನೇ ಜಾತಿಯ ಪ್ಯಾಡನ್ನು ಘಾಟಿಯ ಕಾರಿಗೆ ಹಾಕಲೇಬಾರದು.

ಅಗ್ಗದ ಸೆಟ್ಟಿನಲ್ಲಿ ಕ್ಲಿಪ್ಪು, ಪ್ಯಾಡಿನ ಹಿಂದಿನ ತೆಳು ಶಿಮ್ಮು ಇರುವುದಿಲ್ಲ. ಕೀರಲು ಸದ್ದು ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನಿಗೆ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಡಬ್ಬದ ಮಾಮೂಲಿ ಗ್ರೀಸ್ ಮೆತ್ತಿದರೆ ರಬ್ಬರ್ ಉಬ್ಬಿ ಪಿನ್ನು ಕಚ್ಚಿಕೊಳ್ಳುತ್ತದೆ, ಒಂದು ಕಡೆಯ ಪ್ಯಾಡು ಮಾತ್ರ ಸವೆಯುತ್ತದೆ. ಆಮೇಲೆ ಬೈಗುಳ ಪ್ಯಾಡಿಗೆ. ಹೊಸ ಪ್ಯಾಡು ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ ಪಳಗಿಸಬೇಕು. ನೇರವಾಗಿ ಘಾಟಿಗೆ ಒಯ್ಯಬಾರದು. ಬೆನ್ನಿನ ತಗಡು ಬಿಟ್ಟು ದಪ್ಪ 3 ಮಿ.ಮೀ.ಗೆ ಬಂತೆಂದರೆ ಪ್ಯಾಡು ಮುಗಿದಂತೆ. ಡಿಸ್ಕಿಗೂ ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ.

ದುಬಾರಿ ಪ್ಯಾಡು ಹಾಕಿಸಿ ಬ್ರೇಕ್ ಆಯಿಲ್ ಮರೆಯುವವರೇ ಜಾಸ್ತಿ. ಅದು ಗಾಳಿಯ ತೇವವನ್ನು ಹೀರುತ್ತದೆ, ಮಲೆನಾಡಿನ ಮಳೆಗಾಲದ ಬಗ್ಗೆ ಹೇಳಬೇಕೇ? ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ನೀರು ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಇದು 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯದು, ಹೆಸರಾಂತ ತಯಾರಕರದಾದರೆ ಸಾಕು. ಕಾರು ಕಂಪನಿಯ ಬಾಟಲಿಯೇ ಆಗಬೇಕಿಲ್ಲ. ಆದರೆ ಸೀಲ್ ಒಡೆಯದ ಸಣ್ಣ ಬಾಟಲಿಯೇ ಆಗಬೇಕು. ಗ್ಯಾರೇಜಿನ ಮೂಲೆಯಲ್ಲಿ ಅರ್ಧ ಉಳಿದದ್ದು ಬೇಡ.

ರಬ್ಬರ್ ಸಾಮಾನಿನಲ್ಲಿ ಮಾತ್ರ ಕಾರು ಕಂಪನಿಯ ಡಬ್ಬಿಯೇ ಸರಿ. ಲೋಯರ್ ಆರ್ಮ್ (ಚಕ್ರವನ್ನು ಹಿಡಿದಿರುವ ಕೆಳತೋಳು) ಬುಷ್, ಎಂಜಿನ್ ಮೌಂಟಿಂಗ್, ಆಕ್ಸಲ್ ಜಾಯಿಂಟನ್ನು ಮುಚ್ಚುವ ಆಕ್ಸಲ್ ಬೂಟ್ ಎಲ್ಲ ಇದರಲ್ಲಿ ಬಂತು. ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ದಾರಿಯಲ್ಲಿ ಅಗ್ಗದ ಬುಷ್ ಬೇಗ ಬಿರುಕುಬಿಟ್ಟು ‘ಟಕ್ ಟಕ್’ ಶುರುವಾಗುತ್ತದೆ. ಆದರೆ ಒಳ್ಳೆಯ ಬುಷ್ ಕೂಡ ಹಾಳಾಗುವುದು ಕೂರಿಸುವ ಕೈಯಿಂದ. ಗಾಡಿ ಜಾಕಿನ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಬೋಲ್ಟು ಸಡಿಲವಾಗಿ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ ಬಿಗಿಯಬೇಕು. ಪಿಟ್ಟಿನ ಮೇಲೋ ರ‍್ಯಾಂಪಿನ ಮೇಲೋ ಹತ್ತು ನಿಮಿಷದ ಕೆಲಸ, ಎಷ್ಟೋ ಕಡೆ ಮಾಡುವುದಿಲ್ಲ. ಆಕ್ಸಲ್ ಬೂಟನ್ನು ಪ್ರತಿ ಸರ್ವೀಸಿನಲ್ಲೂ ಬೆರಳಿನಿಂದ ಬಿಡಿಸಿ ನೋಡಿ. ಹರಿದ ಬೂಟಿಗೆ ಕಡಿಮೆ ಖರ್ಚು. ಕೆಸರು ನುಗ್ಗಿ ತಿರುವಿನಲ್ಲಿ ಕಟಕಟ ಎನ್ನುವ ಜಾಯಿಂಟಿಗೆ ಹಾಗಲ್ಲ.

ವೀಲ್ ಬೇರಿಂಗಿನಲ್ಲಿ ಒಂದು ಸೂಕ್ಷ್ಮವಿದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಮುಖದಲ್ಲಿ ಕಾಂತದ ಉಂಗುರವಿದ್ದು, ಸೆನ್ಸರ್ ಅದನ್ನೇ ಓದುತ್ತದೆ. ಅಗ್ಗದ್ದರಲ್ಲಿ ಉಂಗುರವೇ ಇಲ್ಲದಿರಬಹುದು, ಇದ್ದರೂ ತಿರುಗಾಮುರುಗಾ ಕೂರಿಸಿದರೆ ಎಬಿಎಸ್ ದೀಪ ಆರುವುದಿಲ್ಲ. ದೀಪ ಉರಿಯುತ್ತಿದೆ ಎಂದು ಸೆನ್ಸರ್ ಬದಲಿಸಲು ಹೊರಡುವ ಮೊದಲು ಬೇರಿಂಗ್ ನೋಡಿ.

ಏರ್ ಫಿಲ್ಟರಿಗೆ ಎರಡನೇ ಜಾತಿ ಧಾರಾಳವಾಗಿ ಸಾಕು. ಕಾಫಿ ಕುಯ್ಲಿನ ಕಾಲದ ತೋಟದ ಧೂಳಿನಲ್ಲಿ ಮುಖ್ಯವಾದದ್ದು ಕಾಗದಕ್ಕಿಂತ ಅಂಚಿನ ರಬ್ಬರ್. ಫಿಲ್ಟರ್ ತೆಗೆದಾಗ ಅದು ಕೂರುವ ಗೂಡಿನ ಎಂಜಿನ್ ಕಡೆಯ ಭಾಗದಲ್ಲಿ ಧೂಳಿನ ಗೆರೆ ಕಂಡರೆ ಅಂಚು ಸರಿಯಾಗಿ ಕೂತಿಲ್ಲ ಎಂದರ್ಥ, ಧೂಳು ನೇರ ಎಂಜಿನ್ನಿಗೆ ಹೋಗಿದೆ. ಆಯಿಲ್ ಫಿಲ್ಟರಿನಲ್ಲಿ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ಕವಾಟ ಕಳಪೆಯಾದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕೆಲವು ಸೆಕೆಂಡ್ ಗಡಗಡ ಸದ್ದು ಬರುತ್ತದೆ. ಬ್ಯಾಟರಿ, ವೈಪರ್, ಬಲ್ಬು, ಪ್ಲಗ್ಗು: ತಯಾರಕರ ಡಬ್ಬಿಯೇ ಸಾಕು, ಚರ್ಚೆ ಬೇಡ.

ಹೆಡ್‌ಲೈಟ್ ಸೆಟ್ಟು, ಬಾನೆಟ್ಟು, ಫೆಂಡರು ಬೇರೆ ಕಥೆ. ಅಗ್ಗದ ಹೆಡ್‌ಲೈಟಿನೊಳಗೆ ಮೊದಲ ಮಳೆಗೇ ಹನಿಗಟ್ಟುತ್ತದೆ, ಬೆಳಕು ಚದುರಿ ಮಂಜಿನಲ್ಲಿ ಮುಂದೆ ಬಿಳಿ ಗೋಡೆ ನಿಲ್ಲುತ್ತದೆ. ತಗಡಿನ ಭಾಗಗಳಿಗೆ ಕಾರ್ಖಾನೆಯಲ್ಲಿ ಕೊಡುವ ತುಕ್ಕುನಿರೋಧಕ ಲೇಪನ ಕಳಪೆ ಮಾಲಿಗೆ ಇರುವುದಿಲ್ಲ. ಮಡಿಕೆಗಳಲ್ಲಿ ತುಕ್ಕು ಹತ್ತುತ್ತದೆ.

ಬೆಲೆಯ ವಿಷಯಕ್ಕೆ ಬಂದರೆ, ಮಾರುತಿಯಂಥ ಕಾರುಗಳಲ್ಲಿ ಎಷ್ಟೋ ಸಾಮಾನಿಗೆ ಕಂಪನಿ ಡಬ್ಬಿಗೂ ಹೊರಗಿನ ಒಳ್ಳೆಯ ಡಬ್ಬಿಗೂ ಅಂತರ ಕಡಿಮೆ, ಹೊರಗೆ ಹೋಗುವ ಅಗತ್ಯವೇ ಬೀಳದು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಅಂತರ ದೊಡ್ಡದು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನಿಂದ ಬಸ್ ಪಾರ್ಸೆಲ್ಲಿನಲ್ಲಿ ತರಿಸಬಹುದು. ಆದರೆ ‘ಟಾಪ್ ಮಾಡೆಲ್, ಡೀಸೆಲ್’ ಎಂದಷ್ಟೇ ಹೇಳಬೇಡಿ, ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಕಂಪನಿ ಡಬ್ಬಿಯ ನಕಲಿಯೂ ಉಂಟು: ಲೇಬಲ್ಲಿನಲ್ಲಿ ಪಾರ್ಟ್ ನಂಬರ್, ಎಂಆರ್‌ಪಿ, ತಿಂಗಳು, ವಿಳಾಸ ಎಲ್ಲ ಇದೆಯೇ, ಡಬ್ಬಿಯ ನಂಬರೂ ಒಳಗಿನ ಮಾಲಿನ ಮೇಲಿನದೂ ತಾಳೆಯಾಗುತ್ತದೆಯೇ ನೋಡಿ. 2025ರ ಸೆಪ್ಟೆಂಬರ್ 22ರಿಂದ ಆಟೊ ಪಾರ್ಟ್ಸ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಸ್ಟಾಕ್ ಎಂದು ಹಳೆಯ ದರವನ್ನೇ ಹಾಕಿದರೆ ಕೇಳಿ.

ಬಿಲ್ಲಿನಲ್ಲಿ ‘ಬ್ರೇಕ್ ಪ್ಯಾಡ್ 1 ಸೆಟ್’ ಎಂದಷ್ಟೇ ಬರೆಸಿಕೊಂಡರೆ ವಾರಂಟಿಗೆ ಉಪಯೋಗವಿಲ್ಲ, ತಯಾರಕರ ಹೆಸರೂ ಪಾರ್ಟ್ ನಂಬರೂ ಇರಲಿ. ಬಿಚ್ಚಿದ ಹಳೆಯ ಮಾಲನ್ನು ಎಸೆಯಲು ಬಿಡಬೇಡಿ. ಹೊಸದನ್ನು ಕೂರಿಸುವ ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ತೂತು, ಹಲ್ಲು, ಉದ್ದ ಎಣಿಸಿ ನೋಡಿ. ಒಮ್ಮೆ ಗ್ರೀಸ್ ಮೆತ್ತಿದ ಮಾಲನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ.